ಇಂದುಮತಿಬಾಯಿ ನಿಲ್ಲಿಸಿದ ಉಪವಾಸ

ಬರೋಡಾದ ಕನ್ನಡಿಗರಲ್ಲಿ ಇಂದುಮತಿಬಾಯಿಯವರಷ್ಟು ಕಟ್ಟುನಿಟ್ಟಿನ ಹೆಂಗಸನ್ನು ನಾನು ಕಂಡಿಲ್ಲ. ಧಾರವಾಡದ ವೈಷ್ಣವರ ಮನೆಯಿಂದ ಬಂದವರು. ಏಕಾದಶಿ ಎಂದರೆ ಅವರಿಗೆ ಪೂರ್ತಿ ಉಪವಾಸ. ಮಾರನೆಯ ಬೆಳಿಗ್ಗೆ ಪಾರಣೆ ಮುಗಿಯುವವರೆಗೆ ಗಂಡ ಭೀಮಸೇನರಾಯರು ಅವರ ಎದುರು ಸುಳಿಯಲೂ ಹೆದರುತ್ತಿದ್ದರು. ರಾಯರು ರೈಲ್ವೆ ಕಚೇರಿಯಲ್ಲಿ ಗುಮಾಸ್ತರು. ಪ್ರತಾಪನಗರದ ಕ್ವಾರ್ಟರ್ಸ್‌ನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಹಾಗಾಗಿ ನಾನು ಬರೆಯುವುದರಲ್ಲಿ ಅರ್ಧ ಬಾಯಿಯವರು ಹೇಳಿದ್ದು, ಉಳಿದರ್ಧ ಗೋಡೆಯಾಚೆಯಿಂದ ಕೇಳಿಸಿದ್ದು.

ಹಾಸಿಗೆ ಹಿಡಿದಿದ್ದ ಅತ್ತೆಯನ್ನು ಅವರು ಬಹಳ ವರ್ಷ ನೋಡಿಕೊಂಡಿದ್ದರು. ಅತ್ತೆ ತೀರಿಕೊಂಡ ಮೇಲೆ ಮನೆಯಲ್ಲಿ ಮಾಡಲು ಕೆಲಸವೇ ಇರಲಿಲ್ಲ. ಅಲಕಾಪುರಿಯ ಬಂಗಲೆಗಳ ಹಿಂದೆ ಒಂದು ಟ್ರಸ್ಟಿನವರು ದಿಕ್ಕಿಲ್ಲದ ಮುದುಕಿಯರಿಗಾಗಿ ಆಶ್ರಮ ನಡೆಸುತ್ತಿದ್ದರು. ಮೇಲ್ವಿಚಾರಣೆಗೆ ಹೆಂಗಸೊಬ್ಬರು ಬೇಕೆಂದಾಗ ಇವರು ಹೋಗಿ ನಿಂತರು. ಹೋದ ವಾರದಲ್ಲೇ ಹಾಸಿಗೆ ಬಟ್ಟೆಗಳೆಲ್ಲ ಸೋಡಾ ಹಾಕಿದ ಹಂಡೆಯಲ್ಲಿ ಕುದಿದವು. ಮುದುಕಿಯರ ಉಗುರು ಕತ್ತರಿಸಿ, ತಲೆ ಬಾಚಿ, ಸೊಳ್ಳೆಪರದೆಯ ತೂತುಗಳನ್ನು ಹೊಲಿದದ್ದೂ ಇವರೇ. ಆಶ್ರಮದವರು ಇವರನ್ನು ಇಂದುಬೆನ್ ಎಂದು ಕರೆದರು. ಇವರು ಅಲ್ಲಿಯ ರೂಢಿಯಂತೆ ಹಿರಿಯರನ್ನೆಲ್ಲ 'ಬಾ' ಎಂದರು. ಬೆನ್ ಎಂದರೆ ಗುಜರಾತಿಯಲ್ಲಿ ಅಕ್ಕ, ಬಾ ಎಂದರೆ ಅಮ್ಮ.

ಅರವತ್ತರ ದಶಕದ ನಡುಭಾಗ ಅದು. ಅಕ್ಕಿಗೆ ರೇಶನ್ ಅಂಗಡಿಯ ಮುಂದೆ ಸಾಲು ನಿಲ್ಲಬೇಕಾದ ಕಾಲ. ಆಶ್ರಮಕ್ಕೆ ಒಬ್ಬ ಜಮೀನುದಾರರು ಧರ್ಮಕ್ಕೆಂದು ಸಜ್ಜೆಯ ಮೂಟೆ ಕಳಿಸುತ್ತಿದ್ದರು. ಎರಡು ಹೊತ್ತೂ ಸಜ್ಜೆ ರೊಟ್ಟಿ, ತೆಳ್ಳನೆಯ ಬೇಳೆ. ಟ್ರಸ್ಟಿನ ಹರಿಪ್ರಸಾದ ಶೇಠರು ಹುಣ್ಣಿಮೆಗೊಮ್ಮೆ ಬಂದು ಬಾಗಿಲಲ್ಲಿ ನಿಂತು 'ಕೇಮ್ ಛೋ?' ಎಂದು ವಿಚಾರಿಸುವರು. ಮುದುಕಿಯರೆಲ್ಲ ಒಟ್ಟಿಗೆ 'ಮಜಾಮಾ' ಎನ್ನುವರು. ಚೆನ್ನಾಗಿದ್ದೇವೆ ಎಂದರ್ಥ. ಜ್ವರದಲ್ಲಿ ನಡುಗುತ್ತಿರುವವರೂ ಆ ಊರಿನಲ್ಲಿ ಹಾಗೆಯೇ ಹೇಳುತ್ತಾರೆ. ಶೇಠರು ಕೆಟ್ಟವರಲ್ಲ, ಆದರೆ ಆ ಒಂದು ಮಾತು ಕೇಳಿದರೆ ಅವರಿಗೆ ಸಾಕಾಗುತ್ತಿತ್ತು.

ಆಶ್ರಮಕ್ಕೆ ಒಂದು ಕಠಿಣ ನಿಯಮವಿತ್ತು. ಎದ್ದು ಓಡಾಡಲಾಗದವರನ್ನು ಅಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ, ಆಸ್ಪತ್ರೆಗೆ ಸಾಗಿಸುತ್ತಿದ್ದರು. ಹಾಗೆ ಹೋದವರು ಯಾರೂ ಮರಳಿ ಬಂದಿರಲಿಲ್ಲ.

ಅಲ್ಲಿದ್ದವರಲ್ಲಿ ಸಂತೋಕಬಾ ಎಂಬವರು ಬಾಯಿಯವರಿಗೆ ಬಲು ಅಚ್ಚುಮೆಚ್ಚು. ಪಾದ್ರಾ ಕಡೆಯ ಹಳ್ಳಿಯವರು, ಎಳೆಯ ವಯಸ್ಸಿಗೇ ವಿಧವೆ. ಬಾಯಿಯವರ ಧಾರವಾಡದ ಗುಜರಾತಿಯನ್ನು ತಿದ್ದುತ್ತ, ನಗುತ್ತ, ನಗಿಸುತ್ತ ಇದ್ದವರು. ಅವರ ಭಕ್ತಿಯೂ ದೊಡ್ಡದು. ಸೋಮವಾರ ಶಿವನಿಗೆ, ಶನಿವಾರ ಹನುಮಂತನಿಗೆ, ನಡುವೆ ಏಕಾದಶಿ, ಹುಣ್ಣಿಮೆ ಎಂದು ಉಪವಾಸದ ಮೇಲೆ ಉಪವಾಸ. ನೋಡನೋಡುತ್ತ ಉಳಿದ ಮುದುಕಿಯರೂ ಅವರ ಜೊತೆ ಸೇರಿದರು. ನಮ್ಮ ಆಶ್ರಮದ ತಾಯಂದಿರು ತಪಸ್ವಿನಿಯರು ಎಂದು ಶೇಠರು ಊರೆಲ್ಲ ಹೇಳಿಕೊಂಡು ತಿರುಗಿದರು.

ಅಲ್ಲಿಯ ಉಪವಾಸವೆಂದರೆ ಧಾನ್ಯ ಬಿಡುವುದು, ಅಷ್ಟೆ. ಆ ದಿನ, ಅವರ ಲೆಕ್ಕಕ್ಕೆ ಧಾನ್ಯವಲ್ಲದ ಮೊರೈಯೊ ಎಂಬ ಸಾಮೆಯಂಥ ಕಾಳಿನ ಮೆತ್ತನೆಯ ಅನ್ನ, ಬೇಯಿಸಿದ ಗೆಣಸು, ಮೊಸರು. ಬಾಯಿಯವರಿಗೆ ಇದು ಭಾರಿ ತಮಾಷೆ.

"ಗೆಣಸು, ಮಸರು ಎಲ್ಲಾ ತಿಂದು ಉಪವಾಸ ಅಂತಾರ್ರೀ. ನಮ್ಮ ಮನ್ಯಾಗ ಇದಕ್ಕ ಹಬ್ಬ ಅಂತಿದ್ವಿ," ಎಂದು ಗಂಡನಿಗೆ ಹೇಳುತ್ತಿದ್ದುದು ನಮಗೂ ಕೇಳಿಸುತ್ತಿತ್ತು.

"ಹಂಗಾರ ನನಗೂ ಆ ಉಪವಾಸ ಕಲಿಸು," ಎನ್ನುತ್ತಿದ್ದರು ರಾಯರು.

ಚಳಿಗಾಲದ ಹೊತ್ತಿಗೆ ಸಂತೋಕಬಾ ಸೊರಗಿದರು. ಗೋಡೆ ಹಿಡಿಯದೆ ಏಳಲಾಗುತ್ತಿರಲಿಲ್ಲ. ಹುಣ್ಣಿಮೆಗೆ ಬಂದ ಶೇಠರ ಕಣ್ಣಿಗೂ ಅದು ಬಿತ್ತು. "ಇಂದುಬೆನ್, ಮುಂದಿನ ಹುಣ್ಣಿಮೆಗೂ ಇವರು ಹೀಗೇ ಇದ್ದರೆ ಆಸ್ಪತ್ರೆಗೆ ಕಳಿಸಿಬಿಡೋಣ," ಎಂದು ಮೆಲ್ಲಗೆ ಹೇಳಿ ಹೋದರು.

ಬಾಯಿಯವರಿಗೆ ಯೋಚಿಸಿ ನೋಡಿದರೆ ಕಾರಣ ಕಣ್ಣೆದುರೇ ಇತ್ತು: ಈ ವಯಸ್ಸಿನಲ್ಲಿ ಇಷ್ಟೊಂದು ಉಪವಾಸ. ಮರುದಿನವೇ ಅಪ್ಪಣೆ ಹೊರಡಿಸಿದರು. ಏಕಾದಶಿ ಒಂದನ್ನು ಬಿಟ್ಟು ಬೇರೆ ಯಾವ ಉಪವಾಸವೂ ಕೂಡದು, ಎಲ್ಲರೂ ಊಟ ಮಾಡಲೇಬೇಕು.

"ದೇವರಿಗೆ ಸಿಟ್ಟು ಬರುತ್ತೆ ಬೆನ್," ಎಂದರು ಸಂತೋಕಬಾ.

"ದೇವರಿಗೆ ನಾನು ಉತ್ತರ ಹೇಳ್ತೀನಿ. ನೀವು ಉಣ್ಣಿ," ಎಂದು ಬಾಯಿಯವರು ತಾವೇ ಬಿಸಿ ರೊಟ್ಟಿ ಬಡಿಸಿದರು.

ಸಂತೋಕಬಾ ತಲೆ ತಗ್ಗಿಸಿ ರೊಟ್ಟಿ ಮುರಿದರು. ಆದರೆ ಅವರು ಚೇತರಿಸಿಕೊಳ್ಳುವ ಬದಲು ಇನ್ನಷ್ಟು ಕುಗ್ಗಿದರು. ಬಾಯಿಯವರು ಟಾನಿಕ್ ತಂದರು, ಕಾಲಿಗೆ ಎಣ್ಣೆ ತಿಕ್ಕಿದರು, ಹರಕೆ ಹೊತ್ತರು. ಯಾವುದರಿಂದಲೂ ಏನೂ ಆಗಲಿಲ್ಲ. ಮುಂದಿನ ಹುಣ್ಣಿಮೆಗೆ ಇನ್ನು ಇಪ್ಪತ್ತು ದಿನವಷ್ಟೇ ಉಳಿದಿತ್ತು.

ಅಷ್ಟರಲ್ಲಿ ಬಹುಳ ಏಕಾದಶಿ ಬಂತು. ಬಾಯಿಯವರು ಒಣಗಿದ ಬಾಯಲ್ಲೇ ಎಲ್ಲರಿಗೂ ಮೊರೈಯೊ ಬಡಿಸಿದರು. ಸಂತೋಕಬಾ ತಟ್ಟೆ ಬಳಿದು ಉಂಡು, "ಇನ್ನೂ ಇದೆಯಾ?" ಎಂದರು. ಮತ್ತೆ ಹಾಕಿದರು. ಅದೂ ಮುಗಿಯಿತು. ಮೂರನೆಯ ಸಲವೂ ತಟ್ಟೆ ಮುಂದೆ ಬಂತು. ಬಾಯಿಯವರಿಗೆ ಮೊದಲು ಸಿಟ್ಟೇ ಬಂತಂತೆ, ಉಪವಾಸದ ದಿನ ಇದೆಂಥ ಹೊಟ್ಟೆಬಾಕತನ ಎಂದು. ಆಮೇಲೆ ಸಾಲಿನುದ್ದಕ್ಕೂ ಕಣ್ಣು ಹಾಯಿಸಿದರು. ಒಂದು ತಟ್ಟೆಯಲ್ಲೂ ಒಂದು ಅಗುಳು ಉಳಿದಿರಲಿಲ್ಲ. ದಿನವೂ ಎಲ್ಲರೂ ಊಟದಲ್ಲಿ ಗೋವಿನ ಪಾಲೆಂದು ಬಹಳಷ್ಟು ರೊಟ್ಟಿ ತೆಗೆದಿಡುತ್ತಿದ್ದರು. ಆ ದಿನ ಗೋವಿಗೆ ಯಾರೂ ಏನೂ ಇಟ್ಟಿರಲಿಲ್ಲ.

ಮರುದಿನ ಬಾಯಿಯವರು ಊಟದ ಹೊತ್ತಿಗೆ ಸಂತೋಕಬಾ ಪಕ್ಕದಲ್ಲೇ ಕೂತು ನೋಡಿದರು. ಆಕೆ ರೊಟ್ಟಿಯ ಚೂರನ್ನು ಬೇಳೆಯಲ್ಲಿ ಅದ್ದಿ ಚೀಪಿ, ಮೆಲ್ಲಗೆ ಬಾಯಿಂದ ತೆಗೆದು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದರು.

"ಬಾ, ಬಾಯಿ ತೆಗೀರಿ," ಎಂದರು.

ಒಳಗೆ ಮುಂದಿನ ಎರಡು ಹಲ್ಲುಗಳಷ್ಟೇ ಇದ್ದವು. ವಸಡೆಲ್ಲ ಹುಣ್ಣು.

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಧರ್ಮದ ಅನ್ನ, ಬೆನ್. ಗಟ್ಟಿ ಇದೆ, ಬೇರೆ ಕೊಡಿ ಅಂತ ಹೆಂಗೆ ಕೇಳೋದು? ಉಪವಾಸ ಅಂದರೆ ಮೆತ್ತಗಿನದು ಸಿಗುತ್ತೆ, ಯಾರಿಗೂ ಬೇಜಾರಾಗಲ್ಲ."

ಆ ಮುದುಕಿಯರು ಹೊಟ್ಟೆ ತುಂಬಿಸಿಕೊಳ್ಳಲು ಉಪವಾಸ ಮಾಡುತ್ತಿದ್ದರು. ಅದನ್ನೂ ನಿಲ್ಲಿಸಿದ್ದು ಇಂದುಮತಿಬಾಯಿ. ಅವರು ಅಲ್ಲೇ ನೆಲದ ಮೇಲೆ ಅತ್ತುಬಿಟ್ಟರಂತೆ. ಸಂಜೆ ಮನೆಗೆ ಬಂದ ಮೇಲೂ ಅಳು ನಿಂತಿರಲಿಲ್ಲ.

"ಅತ್ತಿಯವರ ಬಾಯಾಗ ಎಷ್ಟ ಹಲ್ಲ ಅವ ಅಂತ ನನಗ ಗೊತ್ತಿತ್ತು. ಇವರ ಬಾಯಿ ಒಮ್ಮೆರ ನೋಡಲಿಲ್ಲ. ಭಕ್ತಿ ಅಂತ ತಿಳಕೊಂಡು ಕೂತೆ," ಎಂದರು.

"ಈಗ ಏನ ಮಾಡತಿ?" ಎಂದರು ರಾಯರು.

"ಏನ ಮಾಡೋದು, ನುಚ್ಚು ಮಾಡತೀನಿ."

ಮರುದಿನ ಅದೇ ಸಜ್ಜೆಯನ್ನು ಬೀಸುವ ಕಲ್ಲಿನಲ್ಲಿ ಒಡೆಸಿ, ಮೆತ್ತಗೆ ಬೇಯಿಸಿ, ಮಜ್ಜಿಗೆ ಕಲಸಿದರು. ಅಲ್ಲಿಯವರು ಮಹಾರಾಜ ಎಂದು ಕರೆಯುವ ಅಡುಗೆಯವನು ಮುಖ ಊದಿಸಿಕೊಂಡ. ಇದು ರೋಗಿಗಳ ಗಂಜಿ, ನೋಡಲು ಬಂದವರು ಏನಂದಾರು ಎಂಬುದು ಅವನ ಚಿಂತೆ. ಬಂದವರಿಗೆ ನೀನು ರೊಟ್ಟಿ ಬಡಿಸು, ನನ್ನವರಿಗೆ ಇದೇ ಇರಲಿ ಎಂದು ಬಾಯಿಯವರು ಸೌಟು ಕಸಿದುಕೊಂಡರು. ಮುದುಕಿಯರು ಒಂದು ತುತ್ತು ಬಾಯಿಗಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಕ್ಕವರಿದ್ದಾಗ ಹಳ್ಳಿಯಲ್ಲಿ ಹೀಗೇ ಒಂದು ಅಂಬಲಿ ಉಣ್ಣುತ್ತಿದ್ದೆವೆಂದರು. ಮುಂದಿನ ಸೋಮವಾರ ಉಪವಾಸದ ಮಾತನ್ನು ಯಾರೂ ಎತ್ತಲಿಲ್ಲ.

ಹುಣ್ಣಿಮೆಗೆ ಶೇಠರು ಬಂದಾಗ ಸಂತೋಕಬಾ ಎದ್ದು ಬಂದು ಕೈಮುಗಿದರು. ನಡಿಗೆ ಇನ್ನೂ ತೊನೆಯುತ್ತಿತ್ತು, ಆದರೆ ಗೋಡೆಯ ಆಸರೆ ಬೇಕಿರಲಿಲ್ಲ. ಶೇಠರು ಆಸ್ಪತ್ರೆಯ ಸುದ್ದಿ ತೆಗೆಯಲಿಲ್ಲ. ಹೋಗುವಾಗ ಮಾತ್ರ, ತಾಯಂದಿರ ವ್ರತಗಳೆಲ್ಲ ಏನಾದವು ಎಂದು ಸ್ವಲ್ಪ ಬೇಸರದಿಂದ ಕೇಳಿದರು.

"ಹೊಟ್ಟೆ ತುಂಬಿದೆ ಶೇಠಜಿ, ಅದಕ್ಕೇ ನಿಂತುಹೋದವು," ಎಂದರು ಬಾಯಿಯವರು. ಶೇಠರು ತಲೆಯಾಡಿಸಿದರು. ಅರ್ಥವಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ.

ಬೇಸಿಗೆಯ ಕೊನೆಗೆ ಜ್ಯೇಷ್ಠದ ದೊಡ್ಡ ಏಕಾದಶಿ ಬಂತು. ಅದರ ಹಿಂದಿನ ದಿನ ಸಂತೋಕಬಾ ಬಾಯಿಯವರ ಕೈ ಹಿಡಿದು, ನಾಳೆ ನನಗೇನೂ ಮಾಡಬೇಡಿ ಎಂದರು.

"ಮೊರೈಯೊ ಮಾಡಿಸ್ತೀನಿ ಬಾ. ಗೆಣಸೂ ಇದೆ."

"ಅದೂ ಬೇಡ. ನೀರು ಕುಡೀತೀನಿ, ಸಾಕು."

"ಈ ಬಿಸಿಲಲ್ಲಿ ಬೇಡ. ನಿಮ್ಮ ದೇವರು ಒಪ್ಪಲ್ಲ."

ಸಂತೋಕಬಾ ಕೈ ಬಿಡಲಿಲ್ಲ. "ಇಷ್ಟು ವರ್ಷ ಅವನ ಹೆಸರು ಹೇಳಿ ಉಂಡೆ. ಒಂದು ದಿನವೂ ಉಪವಾಸ ಮಾಡಲಿಲ್ಲ ಬೆನ್. ಬಿಡೋಣ ಅಂದರೆ ಊಟವೇ ಇರಲಿಲ್ಲ. ಈಗ ಇದೆ, ಒಂದು ದಿನ ಬಿಡ್ತೀನಿ."

ಬಾಯಿಯವರು ಅಡುಗೆಮನೆಗೆ ಹೋಗಿ ನಾಳೆ ಒಂದು ತಟ್ಟೆ ಕಡಿಮೆ ಇಡಲು ಹೇಳಿದರು.