ನಡುವೆ ನನ್ನ ಹಿಂದಿ

ಸಿಟ್ಟು ಬಂದಾಗಲೆಲ್ಲ ಗೆವೋರ್ಗ್ ಕಾಫಿ ಮಾಡುತ್ತಿದ್ದ. ಬಹರೈನಿನ ಹಿದ್ ಊರಿನ ನಮ್ಮ ಹಡಗು ರಿಪೇರಿ ವರ್ಕ್‌ಶಾಪಿನಲ್ಲಿ, ಉದ್ದ ಹಿಡಿಯ ಪುಟ್ಟ ತಾಮ್ರದ ಪಾತ್ರೆಯನ್ನು ಹೀಟರಿನ ಮೇಲಿಟ್ಟರೆ ಅದು ಉಕ್ಕುವ ತನಕ ಬಾಯಿ ಬಿಡುತ್ತಿರಲಿಲ್ಲ. ಅರ್ಮೇನಿಯದ ಡೀಸೆಲ್ ಮೆಕ್ಯಾನಿಕ್ ಅವನು. ಮೊದಲ ಕಪ್ಪು ಯಾವಾಗಲೂ ಜೊತೆಗಾರ, ರಷ್ಯದ ವಿಕ್ತೋರನಿಗೆ. ಇಬ್ಬರೂ ಒಂದೇ ಇಂಜಿನ್ನಿಗೆ ಕೈಹಾಕಿ ರಷ್ಯನ್ನಿನಲ್ಲೇ ಬೈದಾಡಿ, ರಷ್ಯನ್ನಿನಲ್ಲೇ ನಗುತ್ತಿದ್ದರು. ಸ್ಟೋರ್ ನೋಡಿಕೊಳ್ಳುವ ನನ್ನೊಡನೆ ಮಾತ್ರ ಇಬ್ಬರದೂ ಇಲ್ಲಿಗೆ ಬಂದು ಕಲಿತ ಹರಕು ಹಿಂದಿ.

ಗೆವೋರ್ಗನ ತಾಯಿ ಇದ್ದದ್ದು ಕರಾಬಾಖ್‌ನಲ್ಲಿ. ಅರ್ಮೇನಿಯದವರೂ ಅಜರ್‌ಬೈಜಾನಿನವರೂ ತಮ್ಮದೆಂದು ಕಾದಾಡಿದ ಗುಡ್ಡಗಾಡು. ನಡುವೆ ಕಾವಲಿಗೆ ರಷ್ಯದ ಸೈನಿಕರು. ತಾಯಿಯನ್ನು ಅರ್ಮೇನಿಯದ ರಾಜಧಾನಿ ಯೆರೆವಾನಿಗೆ ಕರೆತರಲು ಗೆವೋರ್ಗ್ ಬಾಡಿಗೆ ಮನೆ ಗೊತ್ತುಮಾಡಿದ್ದ. ವಿಕ್ತೋರ್ ಬೆನ್ನು ತಟ್ಟಿ, ನನಗೂ ತಿಳಿಯಲೆಂದು ಹಿಂದಿಯಲ್ಲೇ ಹೇಳಿದ: "ನಮ್ಮ ಸೈನ್ಯ ಅಲ್ಲಿದೆ. ಏನೂ ಆಗುವುದಿಲ್ಲ." ಗೆವೋರ್ಗ್ ನಂಬಿದ. ಮನೆ ಬೇಡವೆಂದು ಫೋನ್ ಮಾಡಿದ.

ಆಮೇಲೆ ರಷ್ಯ ಉಕ್ರೇನಿನ ಮೇಲೆ ಯುದ್ಧಕ್ಕೆ ಹೋಯಿತು. ದೊಡ್ಡವರು ತಮ್ಮ ಯುದ್ಧಕ್ಕಿಳಿದರೆ ಸಣ್ಣವರಿಗೆ ಕೊಟ್ಟ ಮಾತು ನೆನಪಿರುತ್ತದೆಯೇ? ಬರೆಯುವಾಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಅಜರ್‌ಬೈಜಾನಿನ ಸೈನ್ಯ ನುಗ್ಗಿದಾಗ ಕಾವಲಿನವರು ಕೈಕಟ್ಟಿ ನಿಂತರಂತೆ. ಊರಿಗೆ ಊರೇ ಖಾಲಿಯಾಯಿತು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕೂತು ಗುಡ್ಡ ಇಳಿಯುತ್ತಿದ್ದ ಆ ತಾಯಿ ದಾರಿಯಲ್ಲೇ ತೀರಿಕೊಂಡರು.

ಅರ್ಮೇನಿಯ ರಷ್ಯದಿಂದ ದೂರ ಸರಿಯುತ್ತಿದೆ ಎಂದು ಪೇಪರಿನವರು ನಿಧಾನಕ್ಕೆ ಬರೆದರು. ನಮ್ಮ ವರ್ಕ್‌ಶಾಪಿನಲ್ಲಿ ಅದು ಅಷ್ಟರಲ್ಲೇ ಆಗಿಹೋಗಿತ್ತು. ಗೆವೋರ್ಗ್ ರಷ್ಯನ್ ಮಾತಾಡುವುದನ್ನೇ ಬಿಟ್ಟ. ಎದುರಿಗೇ ನಿಂತ ವಿಕ್ತೋರನಿಂದ ಸ್ಪ್ಯಾನರ್ ಬೇಕಾದರೂ ನನ್ನ ಕಡೆ ತಿರುಗಿ, "ಭಾಯ್, ಉಸ್‌ಕೋ ಬೋಲೋ", ಅವನಿಗೆ ಹೇಳು, ಎಂದು ಶುರುಮಾಡುವನು. ನಾನು ಅದನ್ನೇ ಹಿಂದಿಯಲ್ಲಿ ಇನ್ನೊಮ್ಮೆ ಹೇಳಬೇಕು.

ಫೋರ್‌ಮನ್ ಸುಧಾಕರಣ್ಣ ಉಡುಪಿ ಕಡೆಯವರು. "ಎಂತ ಮಾರಾಯ, ಇಬ್ರಿಗೂ ಒಂದೇ ಭಾಷೆ ಬರ್ತದೆ. ನಡುವೆ ನಿನ್ನ ಹಿಂದಿ ಎಂತಕ್ಕೆ? ಸ್ವಲ್ಪ ಜೋರು ಮಾಡು ಆ ಗೆವೋರ್ಗನಿಗೆ."

"ಅವನ ಅಮ್ಮ ಸತ್ತದ್ದು ಸುಧಾಕರಣ್ಣ. ಬೇಕಾದ್ರೆ ನೀವೇ ಜೋರು ಮಾಡಿ."

ಅವರು ಮತ್ತೆ ಆ ಸುದ್ದಿ ಎತ್ತಲಿಲ್ಲ. ಗೆವೋರ್ಗನ ಕಾಫಿ ಮಾತ್ರ ನಿಲ್ಲಲಿಲ್ಲ. ಮೊದಲ ಕಪ್ಪು ಈಗ ನನಗೆ. ವಿಕ್ತೋರನ ಕಣ್ಣೆದುರು ಕುಡಿಯಲಾಗದೆ ಅದನ್ನು ಸ್ಟೋರಿಗೆ ಒಯ್ಯುತ್ತಿದ್ದೆ.

ಕಳೆದ ವರ್ಷ ಗೆವೋರ್ಗ್ ಕೆಲಸ ಬಿಟ್ಟು ಹೊರಟ. ಆ ಹೊತ್ತಿಗೆ ವಿಕ್ತೋರನ ಊರಿನ ಮೇಲೂ ಡ್ರೋನುಗಳು ಬೀಳುತ್ತಿದ್ದವು; ಅದು ಉಕ್ರೇನಿನ ಗಡಿಗೆ ಹತ್ತಿರ. ಅವನ ಮುದಿ ತಾಯಿ ಅಲ್ಲೇ. ಕೇಳಿದವರಿಗೆಲ್ಲ ಅವನದು ಅದೇ ಹಳೆಯ ಉತ್ತರ: ಸೈನ್ಯ ಇದೆ, ಏನೂ ಆಗುವುದಿಲ್ಲ.

ಗೇಟಿನ ಬಳಿ ವಿಕ್ತೋರ್ ಕೈ ಚಾಚಿದ. ಗೆವೋರ್ಗ್ ಅದನ್ನು ಮುಟ್ಟಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು ನನ್ನ ಕಡೆ ತಿರುಗಿದ.

"ಭಾಯ್, ಉಸ್‌ಕೋ ಬೋಲೋ. ಅಮ್ಮನನ್ನು ಅಲ್ಲಿಂದ ಕರೆಸಿಕೋ ಅನ್ನು. ಸೈನ್ಯ ಇದೆ ಅಂತ ಯಾರು ಹೇಳಿದರೂ ಕೇಳಬೇಡ ಅನ್ನು."

ವಿಕ್ತೋರ್ ಕೇಳಿಸಿಕೊಂಡಿದ್ದ. ಆದರೂ ಅವನ ಮುಖ ನೋಡಿ, ಒಂದು ಮಾತೂ ಬಿಡದೆ, ಗೆವೋರ್ಗನಷ್ಟೇ ಸಿಟ್ಟಿನಿಂದ ನಾನು ಅದನ್ನು ಇನ್ನೊಮ್ಮೆ ಹೇಳಿದೆ.