ಮಿಡತೆ ಪೆನ್ನಿನ ಲಗ್ನಪತ್ರಿಕೆ

ಜ್ಯೋತಿಲಕ್ಷ್ಮಿಗೆ ಹುಚ್ಚು ಹಿಡಿದಿದೆ ಎಂದು ಊರಿನಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ. ಹುಚ್ಚಲ್ಲದೆ ಮತ್ತೇನು ಸ್ವಾಮಿ? ಶಿವಗಂಗೆ ಬೆಟ್ಟದ ಬುಡದ ಊರಿನಲ್ಲಿ ಹಾಲಿನ ಡೇರಿಯ ಸೆಕ್ರೆಟರಿ, ಮದುವೆ ವಯಸ್ಸಿನ ಮಗಳ ತಾಯಿ, ಅಂಥವಳು ಬಿಡುವು ಸಿಕ್ಕಿತೋ ಇಲ್ಲವೋ ಮೊಬೈಲಿನಲ್ಲಿ ಇಂಕ್ ಪೆನ್ನುಗಳ ವಿಡಿಯೋ ನೋಡುತ್ತಾ ಕೂತುಬಿಟ್ಟರೆ! ಬೇರೆ ಹೆಂಗಸರು ಸೀರೆಯಂಗಡಿಯಲ್ಲಿ ಸೆರಗು ಮುಟ್ಟಿ ನೋಡುತ್ತಾರೆ. ಇವಳು ನೆಲಮಂಗಲದ ಸ್ಟೇಷನರಿ ಅಂಗಡಿಯಲ್ಲಿ ನಿಬ್ಬನ್ನು ಉಗುರಿನ ಮೇಲೆ ಸವರಿ ನೋಡುತ್ತಿದ್ದಳು. ಅಂಗಡಿಯವನು ಇವಳನ್ನು ಕಂಡರೆ ಒಳಗಿನಿಂದ ಸ್ಟೂಲು ತಂದು ಹಾಕುತ್ತಿದ್ದ, ಬೇಗ ಏಳುವ ಗಿರಾಕಿಯಲ್ಲ ಎಂದು ಅವನಿಗೂ ಗೊತ್ತು.

ಆದರೆ ಅಕ್ಷರ ಮಾತ್ರ, ಆಹಾ! ಡೇರಿಯ ಬೋರ್ಡಿನ ಮೇಲೆ ಅವಳು ಸೀಮೆಸುಣ್ಣದಲ್ಲಿ 'ನಾಳೆ ಹಿಂಡಿ ಬರುತ್ತದೆ' ಎಂದು ಬರೆದರೂ ಹಾಲು ಹಾಕಲು ಬಂದವರು ಕ್ಯಾನು ಕೆಳಗಿಟ್ಟು ಒಂದು ಗಳಿಗೆ ನೋಡುತ್ತಿದ್ದರು. ಹಾಗಾಗಿ ಊರಿನಲ್ಲಿ ಯಾರ ಮನೆಯ ನಿಶ್ಚಿತಾರ್ಥವಾದರೂ ಲಗ್ನಪತ್ರಿಕೆ ಬರೆಯಲು ಜ್ಯೋತಿಯೇ ಬರಬೇಕು. ಐನೋರು ಹೇಳುತ್ತಾ ಹೋಗುವುದು, ಇವಳು ಇಂಕ್ ಪೆನ್ನಿನಲ್ಲಿ ಬರೆಯುತ್ತಾ ಹೋಗುವುದು. ಬಾಲ್ ಪೆನ್ನನ್ನು ಅವಳು ಪೆನ್ನು ಎಂದು ಕರೆಯುತ್ತಲೇ ಇರಲಿಲ್ಲ, ಕಡ್ಡಿ ಎನ್ನುತ್ತಿದ್ದಳು.

ಈಗ ಅವಳ ಮಗಳು ಸಿಂಚನಳದೇ ಸರದಿ. ನೆಲಮಂಗಲದ ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುವ ಹುಡುಗಿ, ರಾಜಘಟ್ಟದ ಸುನಿಲ್‌ಕುಮಾರನನ್ನು ಮೆಚ್ಚಿದ್ದಳು. ಹುಡುಗ ಬಂಗಾರ. ಆದರೆ ಆ ಮನೆಯಲ್ಲಿ ಹುಡುಗನ ತಾತ ಪಿಳ್ಳಪ್ಪನವರು ಹೇಳಿದ್ದೇ ಮಾತು. ಮನೆ ನೋಡಲು ಬಂದ ದಿನ ಕಾಫಿ ಕುಡಿದು ಲೋಟ ಕೆಳಗಿಟ್ಟವರೇ ಶುರುಮಾಡಿದರು.

"ಲಗ್ನಪತ್ರಿಕೆ ಬರೆಯೋವಾಗ ಪೆನ್ನು ನಿಂತ್ರೆ ಒಳ್ಳೇದಲ್ಲ ಕಣಮ್ಮ. ಇಂಕ್ ಪೆನ್ನ ನೆಚ್ಕೊಳ್ಳಂಗಿಲ್ಲ. ನಮ್ಮ ಕಡೆ ಐನೋರೇ ಬಾಲ್ ಪೆನ್ನಲ್ಲಿ ಬರ್ದ್ಬಿಡ್ತಾರೆ."

ಊರಿನವರ ಮಕ್ಕಳ ಪತ್ರಿಕೆಯನ್ನೆಲ್ಲ ಬರೆದವಳು ಸ್ವಂತ ಮಗಳ ಪತ್ರಿಕೆಯ ಹೊತ್ತಿಗೆ ಕೈ ಕಟ್ಟಿಕೊಂಡು ನಿಲ್ಲುವುದೇ?

"ಯಜಮಾನ್ರೇ, ನನ್ನ ಮಗಳದ್ದು ನಾನೇ ಬರೀಬೇಕು ಅಂತ ಬಾಳ ಆಸೆ. ನಿಲ್ಲದಂಗೆ ಬರೀತೀನಿ."

"ನಿಂತ್ರೆ?"

"ನಿಂತ್ರೆ ಕಾಗದ ಐನೋರ ಮುಂದಕ್ಕೆ ತಳ್ಳಿ ಎದ್ದೋಗ್ತೀನಿ."

ಹೇಳಿಬಿಟ್ಟಳು. ಗಂಡ ಕೆಂಪರಾಜ್ ಕಣ್ಣಿನಲ್ಲೇ ಬೇಡ ಬೇಡ ಎಂದ. ಬಾಯಿಂದ ಬಿದ್ದ ಮಾತನ್ನು ಯಾರಿಂದ ಹಿಡಿಯಲಾದೀತು?

ಅವಳ ಹಳೆಯ ಪೆನ್ನೋ, ಕತ್ತು ಬಿರುಕು ಬಿಟ್ಟು ಬೆರಳಿಗೆಲ್ಲ ಶಾಯಿ ಕಾರುತ್ತಿತ್ತು. ಹೊಸದು ಬೇಕೇಬೇಕು. ಅಲ್ಲಿಂದ ಶುರುವಾಯಿತು ನೋಡಿ ರಾಮಾಯಣ. ಅವಳ ಮನಸ್ಸು ಹೋಗಿದ್ದು 'ಮಿಡತೆ' ಎಂಬ ಕಂಪನಿಯ ಪೆನ್ನಿನ ಮೇಲೆ. ಯಾರೂ ಕೇಳದ ಹೆಸರು. ಯಾವುದೋ ಚಿಕ್ಕ ಶೆಡ್ಡಿನಲ್ಲಿ ಇಬ್ಬರು ಮೂವರು ಕೂತು ಕಡೆದು ಮಾಡುವ ಪೆನ್ನಂತೆ, ಜೇಬಿಗೆ ಸಿಕ್ಕಿಸುವ ಕೊಂಡಿಯ ಮೇಲೆ ಹಿತ್ತಾಳೆಯ ಪುಟ್ಟ ಮಿಡತೆಯೊಂದು ಕಾಲು ಮಡಚಿ ಕೂತಿರುತ್ತದಂತೆ. ಆ ಮಿಡತೆಯ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿ ಅವಳಿಗೆ ಊಟ ಸೇರುತ್ತಿರಲಿಲ್ಲ.

ತಮ್ಮ ಉಮಾಶಂಕರನಿಗೆ ತೋರಿಸಿದಳು. ಅವನು ಸ್ಪೀಕರಿನಿಂದ ಹಿಡಿದು ಸ್ಲಿಪ್ಪರಿನವರೆಗೆ ಬ್ರ್ಯಾಂಡ್ ನೋಡಿಯೇ ಕೊಳ್ಳುವ ಆಸಾಮಿ.

"ಅಕ್ಕಾ, ಮಿಡತೆ ಅಂತ ಹೆಸರಿಟ್ಟೋನು ಪೆನ್ನು ಮಾಡ್ತಾನೋ ಔಷಧಿ ಹೊಡೀತಾನೋ? ಸುಮ್ನೆ ಹೆಸರಿರೋ ಕಂಪನಿದು ತಗೋ. ಪಿಳ್ಳಪ್ಪೋರ ಮುಂದೆ ಮಾನ ಹೋಯ್ತದೆ."

"ಹೆಸರಿರೋ ಕಂಪನಿದು ನಾಲ್ಕು ತಗೊಂಡಿದೀನಿ ಕಣೋ. ಒಂದು ಕೆರೀತದೆ, ಒಂದು ಸೋರ್ತದೆ. ಹೆಸರು ಬರೀತದಾ, ನಿಬ್ಬು ಬರೀತದಾ?"

"ವಿಡಿಯೋದಲ್ಲಿ ಒಬ್ಬ ಒಣಗ್ತದೆ ಅಂದ, ಇನ್ನೊಬ್ಬ ಸೂಪರ್ ಅಂದ. ಯಾರ್ನ ನಂಬ್ತೀಯಾ?"

"ನನ್ನ ಕೈನ ನಂಬ್ತೀನಿ," ಎಂದು ಆರ್ಡರ್ ಒತ್ತಿಯೇಬಿಟ್ಟಳು.

ಪಾರ್ಸೆಲ್ಲು ಬಂದಿದ್ದು ನೆಟ್ಟಗೆ ಡೇರಿಗೆ, ಅದೂ ಸಾಯಂಕಾಲ ಹಾಲು ಹಾಕುವ ಹೊತ್ತಿಗೆ. ಸರಿ, ಸಾಲು ನಿಂತಲ್ಲೇ ನಿಂತಿತು. ಶಾಯಿ ತುಂಬಿಸಿ ಹಿಂಡಿ ಚೀಲದ ಚೀಟಿಯ ಹಿಂದೆ ಒಂದು ಗೆರೆ ಎಳೆದಳು. ಅಯ್ಯೋ ಶಿವನೇ! ನಿಬ್ಬು ಕಾಗದ ಮುಟ್ಟಿದ್ದೇ ಗೊತ್ತಾಗಲಿಲ್ಲ, ಗೆರೆ ಮಾತ್ರ ಇತ್ತು. ಸುರುಳಿ ಎಳೆದಳು, ಅ ಆ ಇ ಈ ಬರೆದಳು, ಊರಿನ ಹಸುಗಳ ಹೆಸರನ್ನೆಲ್ಲ ಬರೆದಳು. ಎರಡು ಎಮ್ಮೆ ಕಟ್ಟಿದ್ದ ರಾಮಾಂಜಿನಪ್ಪನೂ ಒಮ್ಮೆ ಈಸಿಕೊಂಡು ರುಜು ಹಾಕಿ, "ಬೆಣ್ಣೆ ಕಣಮ್ಮೋ ಇದು!" ಎಂದು ತನ್ನ ರುಜುವನ್ನು ತಾನೇ ಮೆಚ್ಚಿ ತಲೆದೂಗಿದ. ಜ್ಯೋತಿಗೆ ನಗು ತಡೆಯಲಾಗಲಿಲ್ಲ. ಕ್ಯಾನಿನ ಮೇಲೆ ಕೂತು ನಕ್ಕಳು. ಅಂದು ಹಾಲಿನ ಗಾಡಿ ಅರ್ಧ ಗಂಟೆ ಕಾದು ಹಾರ್ನ್ ಹೊಡೆದು ಹೊಡೆದು ಸುಸ್ತಾಯಿತು.

ನಿಶ್ಚಿತಾರ್ಥದ ದಿನ ಬಂತು. ನಡುಮನೆ ತುಂಬ ಜನ. ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಕಾಗದ ಮಣೆಯ ಮೇಲೆ, ಎದುರಿಗೆ ಐನೋರು, ಐನೋರ ಪಕ್ಕದಲ್ಲೇ, ಇನ್ನೆಲ್ಲಿ ಕೂರುತ್ತಾರೆ, ಪಿಳ್ಳಪ್ಪನವರು. ಜ್ಯೋತಿಲಕ್ಷ್ಮಿ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ದೇವರ ಗೂಡಿನಿಂದ ಪೆನ್ನು ತಂದು ಕೂತಳು. ಕ್ಯಾಪು ತೆಗೆದು ಮೇಲೆ 'ಶ್ರೀ' ಬರೆದಳು.

ಏನೂ ಬರಲಿಲ್ಲ.

ಮತ್ತೆ ಎಳೆದಳು. ಕಾಗದದ ಮೇಲೆ ಬರಿಯ ಗೀರು. ಒದರಿದಳು. ಒಂದು ಹನಿ ಬಿತ್ತು, ಅದೂ ನೀಲಿಯಲ್ಲ, ಏನೋ ಕೆಸರು ಬಣ್ಣ. ಸುತ್ತ ಇದ್ದವರೆಲ್ಲ ಒಟ್ಟಿಗೇ ವೈದ್ಯರಾದರು. "ಅಂಗೈಗೆ ಉಜ್ಜಮ್ಮ!" "ನಾಲಿಗೆಗೆ ಮುಟ್ಸು!" "ತಲೆಕೂದಲಿಗೆ ಸವ್ರು!" ಉಮಾಶಂಕರ ಜೇಬಿನಿಂದ ಬಾಲ್ ಪೆನ್ನು ತೆಗೆದವನು ಅಕ್ಕನ ಮುಖ ನೋಡಿ ಮತ್ತೆ ಒಳಗಿಟ್ಟುಕೊಂಡ. ಪಾಪ, ಅವನಿಗೂ ಕಣ್ಣಲ್ಲಿ ನೀರು ಬಂದಿತ್ತು.

ಪಿಳ್ಳಪ್ಪನವರು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು. ಅಷ್ಟು ಸಾಕಾಗಿತ್ತು. ಜ್ಯೋತಿಲಕ್ಷ್ಮಿ ಕಾಗದವನ್ನು ಐನೋರ ಮುಂದಕ್ಕೆ ತಳ್ಳಲು ಕೈ ಇಟ್ಟಳು. ಎಂಥ ನಾಚಿಕೆ, ಎಂಥ ಸಂಕಟ! ಆ ಮಿಡತೆಯನ್ನು ಹಿಸುಕಿಹಾಕಬೇಕು ಅನ್ನಿಸಿತು.

ಆಗ ಅಡುಗೆಮನೆ ಬಾಗಿಲಿನಿಂದ ಅತ್ತೆ ಅಶ್ವತ್ಥಮ್ಮನವರ ಧ್ವನಿ ಬಂತು.

"ಅದೆಂಗ್ ನಿಂತೀತು? ಬೆಳಿಗ್ಗೆ ನಾನೇ ದೇವ್ರ ಮುಂದಿಟ್ಟು, ಅದರ ಮೂತಿಗೆ ಚೆನ್ನಾಗಿ ಅರಿಶಿನ ಕುಂಕುಮ ಮೆತ್ತಿ ಪೂಜೆ ಮಾಡಿವ್ನಿ!"

ಅಶ್ವತ್ಥಮ್ಮನವರು ಮನೆಗೆ ಬಂದ ಹೊಸ ವಸ್ತುವನ್ನು ಬೊಟ್ಟಿಡದೆ ಬಿಟ್ಟವರೇ ಅಲ್ಲ. ಮಿಕ್ಸಿಗೆ ಇಟ್ಟಿದ್ದರು, ಫ್ರಿಜ್ಜಿಗೆ ಇಟ್ಟಿದ್ದರು, ಟೀವಿ ರಿಮೋಟಿಗೂ ಇಟ್ಟಿದ್ದರು. ಮೊಮ್ಮಗಳ ಲಗ್ನಪತ್ರಿಕೆ ಬರೆಯುವ ಪೆನ್ನೆಂದರೆ ಕೇಳಬೇಕೆ? ಒದ್ದೆ ಅರಿಶಿನವನ್ನು ನಿಬ್ಬಿನ ಸೀಳಿಗೇ ತುಂಬಿ, ಒಳ್ಳೆಯ ಕೆಲಸ ಮಾಡಿದೆ ಎಂದು ಕ್ಯಾಪು ಮುಚ್ಚಿಟ್ಟಿದ್ದರು.

ಎಲ್ಲರೂ ಪಿಳ್ಳಪ್ಪನವರ ಕಡೆ ತಿರುಗಿದರು. ಅವರು ಐನೋರ ಕಡೆ ತಿರುಗಿದರು.

"ಐನೋರೇ, ಅರಿಶಿನ ಕುಂಕುಮದಿಂದ ನಿಂತಿದ್ದನ್ನ ಅಪಶಕುನ ಅನ್ನಕ್ಕಾಯ್ತದಾ?"

"ಛೆ ಛೆ! ಎಲ್ಲಾದ್ರೂ ಉಂಟೇ!" ಎಂದರು ಐನೋರು.

ಪಿಳ್ಳಪ್ಪನವರ ಮೀಸೆ ಅದುರಿತು. ಆಮೇಲೆ ಹೊಟ್ಟೆ ಅದುರಿತು. ಅವರು ನಕ್ಕಿದ್ದೇ ತಡ, ಇಡೀ ನಡುಮನೆ ಗೊಳ್ಳೆಂದಿತು. "ಹೋಗಮ್ಮ, ತೊಳ್ಕೊಂಡು ಬಾ. ಇದು ಲೆಕ್ಕಕ್ಕಿಲ್ಲ. ಆದ್ರೆ ಇನ್ಮೇಲೆ ನಿಂತ್ರೆ ಮಾತ್ರ ನೀನು ಕೊಟ್ಟ ಮಾತಿನಂಗೆ ಎದ್ದೋಗ್ಬೇಕು."

ಜ್ಯೋತಿಲಕ್ಷ್ಮಿ ಅಡುಗೆಮನೆಗೆ ಓಡಿದಳು. ಕಾಫಿಗೆ ಇಟ್ಟಿದ್ದ ಬಿಸಿನೀರಿಗೆ ಮಿಡತೆ ಪೆನ್ನಿನ ಮೂತಿ ಅದ್ದಿದರೆ ನೀರಿನೊಳಗೆ ಅರಿಶಿನ ಹಳದಿ ಹೊಗೆಯ ಹಾಗೆ ಬುಸಬುಸನೆ ಎದ್ದಿತು. ನಿಶ್ಚಿತಾರ್ಥದ ಸೀರೆಯಲ್ಲೇ ಓಡಿಬಂದ ಸಿಂಚನ, "ಕೊಡಮ್ಮ ಇಲ್ಲಿ" ಎಂದು ಮೂತಿ ಬಿಚ್ಚಿ ಅದರ ಹಿಂದಿನಿಂದ ಬಾಯಿಟ್ಟು ಊದಿದಳು. ಫುರ್ರ್ ಎಂದು ಅರಿಶಿನವೆಲ್ಲ ಹಾರಿ ಅಮ್ಮನ ಗಲ್ಲದ ಮೇಲೆ ಕೂತಿತು. ತಾಯಿ ಮಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು ನಕ್ಕರು, ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯಲಿಲ್ಲ. ಉಮಾಶಂಕರ ಹಲ್ಲುಜ್ಜುವ ಬ್ರಷ್ಷು ತಂದು ನಿಬ್ಬು ತಿಕ್ಕಿ ಕೊಟ್ಟ. ಹೊಸ ಶಾಯಿ ತುಂಬಿತು.

ಮತ್ತೆ ಕೂತಳು. ಹೊಸ ಕಾಗದ. 'ಶ್ರೀ' ಎಂದು ಬರೆದರೆ, ಬಂತು! ಎಂಥ ನೀಲಿ, ಎಂಥ ದುಂಡು! ಐನೋರು ಸಂವತ್ಸರ ಹೇಳಿದರು, ಮಾಸ ಹೇಳಿದರು, ತಿಥಿ ಹೇಳಿದರು. ಪೆನ್ನು ಓಡುತ್ತಲೇ ಇತ್ತು, ಐನೋರೇ ಉಸಿರು ತೆಗೆದುಕೊಳ್ಳಲು ತಡವರಿಸಬೇಕಾಯಿತು. ಪಿಳ್ಳಪ್ಪನವರು ಮುಂದಕ್ಕೆ ಬಗ್ಗಿ ನಿಬ್ಬನ್ನೇ ದಿಟ್ಟಿಸುತ್ತಿದ್ದರು, ಡೇರಿಯಲ್ಲಿ ಹಾಲಿನ ಜಿಡ್ಡು ಅಳೆಯುವ ಫ್ಯಾಟ್ ಮೆಷಿನ್ನನ್ನು ದಿಟ್ಟಿಸುವವರ ಹಾಗೆ. ಉಮಾಶಂಕರ ಹಿಂದಿನಿಂದ, "ಅಕ್ಕಾ, ಆ ಲಿಂಕು ನಂಗೂ ಕಳ್ಸು" ಎಂದು ಪಿಸುಗುಟ್ಟಿದ. ಜ್ಯೋತಿಲಕ್ಷ್ಮಿಗೆ ಹಾರಿಬಿಡಬೇಕು ಅನ್ನುವಷ್ಟು ಖುಷಿ.

ಸುನಿಲ್‌ಕುಮಾರನ ಹೆಸರು ಮುಗಿಯಿತು. ಐನೋರು, "ಚಿರಂಜೀವಿ ಸೌಭಾಗ್ಯವತಿ ಸಿಂಚನ" ಎಂದರು.

ಪೆನ್ನು ನಿಂತಿತು.

ಐನೋರು ಇನ್ನೊಮ್ಮೆ ಹೇಳಿದರು. ಪೆನ್ನು ಕದಲಲಿಲ್ಲ. ಉಮಾಶಂಕರನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಅಶ್ವತ್ಥಮ್ಮನವರು ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡರು.

"ಯಾಕಮ್ಮ," ಎಂದರು ಪಿಳ್ಳಪ್ಪನವರು, "ಪೆನ್ನು ನಿಂತೋಯ್ತಾ?"

ಜ್ಯೋತಿಲಕ್ಷ್ಮಿ ತಲೆ ಎತ್ತಿದಳು. ಗಲ್ಲದ ಮೇಲೆ ಅರಿಶಿನದ ಚುಕ್ಕೆಗಳು ಹಾಗೇ ಇದ್ದವು, ಅವುಗಳ ಮೇಲೆ ಕಣ್ಣೀರು ಧಾರಾಕಾರ ಇಳಿಯುತ್ತಿತ್ತು. ಎಷ್ಟೋ ಹೆಣ್ಣುಮಕ್ಕಳ ಹೆಸರನ್ನು ಅವಳು ಈ ಜಾಗದಲ್ಲಿ ಸಲೀಸಾಗಿ ಬರೆದಿದ್ದಳು.

"ಪೆನ್ನು ನಿಂತಿಲ್ಲ ಯಜಮಾನ್ರೇ," ಎಂದಳು. "ನಾನೇ ನಿಂತೆ."

ಪಿಳ್ಳಪ್ಪನವರು, ಬಾಯಿ ತೆರೆಯಲಿದ್ದ ಐನೋರ ತೊಡೆಯ ಮೇಲೆ ಕೈ ಇಟ್ಟರು.

"ನಿಂತ್ಕೋ ತಾಯಿ," ಎಂದರು. "ನಿಧಾನ್ವಾಗಿ ಬರಿ. ನಾವು ಕಾಯ್ತೀವಿ."