ಖಾಲಿ ಕ್ಯಾಮೆರಾದ ಚಮನಸಾಬ
ಬಟ್ಟೆ ವ್ಯಾಪಾರಿಯಾದ ನನ್ನ ಕಣ್ಣಿಗೆ ಚಮನಸಾಬ ಎರಡು ಮೀಟರಿನಲ್ಲಿ ಅಂಗಿ ಹೊಲಿಸಿದರೂ ತುಂಡು ಉಳಿಯುವ ಆಳು. ಕೊರಳಿನ ಕ್ಯಾಮೆರಾ ಇಳಿಸಿದರೆ ಗಾಳಿಗೆ ಹಾರಿಯಾನು. ವಾರವೆಲ್ಲ ಗೋವಾದ ವಾಸ್ಕೋ ಬಂದರಿನಲ್ಲಿ ಮೂಟೆ ಹೊತ್ತು, ರವಿವಾರ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಹೋಗಿಬರುವವರನ್ನೆಲ್ಲ ಕ್ಲಿಕ್ಕಿಸುತ್ತಾನೆ. ಕ್ಯಾಮೆರಾದಲ್ಲಿ ರೀಲು ಮಾತ್ರ ಇರುವುದಿಲ್ಲ. "ಮೊದ್ಲ ಕಣ್ಣು ಪಳಗಬೇಕ್ರಿ ಸಾವಕಾರ್ರ, ರೀಲಿಗೇನ ಅವಸರ?" ಎನ್ನುತ್ತಾನೆ. ಬಾಗಿಲಿಗೆ ನೇತುಹಾಕಿದ ಒಂದೇ ಸೀರೆಯ ಮೇಲೆ ಬಿಸಿಲು ಸರಿಯುವುದನ್ನು ಮೂರು ತಿಂಗಳು ಹೀಗೇ ತೆಗೆದ. ಅವನೆದುರು ಹೂ ಮುಡಿದು ನಿಂತಿದ್ದ ಮೀನು ಮಾರುವ ಹೆಂಗಸು, ಫೋಟೋ ಎಲ್ಲಿ ಎಂದು ಇವತ್ತಿಗೂ ನನ್ನನ್ನು ಬಯ್ಯುತ್ತಾಳೆ. ನನ್ನ ಅವ್ವ ಕ್ಯಾಮೆರಾ ಕಂಡರೆ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದಳು. ಹಾಸಿಗೆ ಹಿಡಿದಾಗಲೂ ಅವಳದೊಂದು ಫೋಟೋ ಮನೆಯಲ್ಲಿರಲಿಲ್ಲ. ಚಮನಸಾಬ ಐದು ರವಿವಾರ ಅವಳ ಪಕ್ಕ ಕೂತು, ಖಾಲಿ ಕ್ಯಾಮೆರಾ ಒತ್ತುತ್ತ ಹರಟಿದ. ಆರನೆಯ ರವಿವಾರ, "ಎಷ್ಟರೆ ಟಕ್ ಟಕ್ ಅನಸ್ತೀಯೋ ಹುಚ್ಚಪ್ಪಾ, ಅದರಾಗ ಏನೂ ಇಲ್ಲಲ್ಲ!" ಎಂದು ಅವ್ವ ಸೆರಗು ಬಿಟ್ಟು ನಕ್ಕಳು. ಅವತ್ತು ರೀಲು ಇತ್ತು. ಪ್ರಿಂಟು ನೋಡಿ "ಕಳ್ಳ ಅದೀ" ಎಂದು ಬೈದು, ದಿಂಬಿನ ಕೆಳಗಿಟ್ಟುಕೊಂಡಳು. ಅವಳು ಹೋಗಿ ಆರು ವರ್ಷವಾಯಿತು. ಅಜ್ಜಿ ಹೇಗಿದ್ದಳೆಂದು ನನ್ನ ಮಕ್ಕಳಿಗೆ ತೋರಿಸಲು ನನ್ನಲ್ಲಿ ಒಂದು ಮುಖವಿದ್ದರೆ, ಅದು ಚಮನಸಾಬ ಕೊಟ್ಟದ್ದು.